ಚಕ್ಕಳಮಕ್ಕಳ ಹಾಕಿ ಕೂರುವ ಕಾಲು ಬೇಕು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಯಂತ್ರಗಳ ಬಗ್ಗೆಯೇ ಇವೆ. ಯಾವುದನ್ನು ಕೊಳ್ಳಲಿ, ಬೆಂಗಳೂರಿಗೇ ಹೋಗಬೇಕಾ, ಸಾಲ ಮಾಡಿದರೆ ಸಾರ್ಥಕವಾದೀತಾ ಎಂದು ಕೇಳಿದ್ದೀರಿ. ಶಿವಮೊಗ್ಗದಲ್ಲಿ 26 ವರ್ಷಗಳಿಂದ ಫಿಸಿಯೋಥೆರಪಿ ಮಾಡುತ್ತಿರುವ ನನಗೆ ತಿಳಿದಷ್ಟನ್ನು ಬರೆಯುತ್ತೇನೆ. ಎಲ್ಲರ ಹೆಸರು ಬಿಟ್ಟು ಊರಷ್ಟೇ ಹಾಕಿದ್ದೇನೆ.

ಪ್ರಶ್ನೆ: ನನಗೆ 58 ವರ್ಷ. ಅಡಿಕೆ ತೋಟ ಇದೆ. ಸಕ್ಕರೆ ಕಾಯಿಲೆಯಿಂದ ಬೆರಳಿನ ಗಾಯ ಮಾಯದೆ, ಐದು ತಿಂಗಳ ಹಿಂದೆ ಎಡಗಾಲನ್ನು ಮಂಡಿಯಿಂದ ಮೇಲಕ್ಕೆ ತೆಗೆದರು. ಬೆಂಗಳೂರಿನಲ್ಲಿರುವ ಮಗ ಕಂಪ್ಯೂಟರ್ ಮಂಡಿಯ ಕಾಲು ಹಾಕಿಸೋಣ, ಸಾಲ ಆದರೂ ಪರವಾಗಿಲ್ಲ ಅನ್ನುತ್ತಾನೆ. ನೆಂಟರೊಬ್ಬರು ಜೈಪುರ ಕಾಲು ಪುಕ್ಕಟೆ ಸಿಗುತ್ತದೆ, ಅದೇ ಸಾಕು ಅನ್ನುತ್ತಾರೆ. ನನಗೆ ಮೊದಲಿನಂತೆ ನೆಲದ ಮೇಲೆ ಕೂತು ಊಟ ಮಾಡಬೇಕೆಂಬ ಆಸೆ.
— ಓದುಗರು, ಸಾಗರ ತಾಲ್ಲೂಕು

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಕಾಲು ಮಾಡುವವರ ಎದುರು ಕೂತಾಗ ನೀವು ಮೊದಲು ಹೇಳಬೇಕಾದದ್ದು ಅದನ್ನೇ. ಹೇಳದೇ ಇದ್ದರೆ ಕುರ್ಚಿಯಲ್ಲಿ ಕೂರುವವರಿಗೆ ಹೊಂದುವ ಕಾಲು ತಯಾರಾಗುತ್ತದೆ.

ಒಂದು ಗೊಂದಲ ಬಿಡಿಸೋಣ. ಜೈಪುರ ಕಾಲು ಅಂದರೆ ಮುಖ್ಯವಾಗಿ ಪಾದ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಮೂಳೆ ವೈದ್ಯ ಡಾ. ಪಿ.ಕೆ. ಸೇಥಿ ಸೇರಿ 1968ರ ಹೊತ್ತಿಗೆ ಅದನ್ನು ರೂಪಿಸಿದರು. ಅಲ್ಲಿಯವರೆಗೆ ಸಿಗುತ್ತಿದ್ದ ವಿದೇಶಿ ಮಾದರಿಯ ಪಾದಕ್ಕೆ ಬೂಟು ಬೇಕೇ ಬೇಕಿತ್ತು, ಕುಕ್ಕರಗಾಲಲ್ಲಿ ಕೂರಲು ಅದು ಬಗ್ಗುತ್ತಿರಲಿಲ್ಲ. ಇವರು ಮರದ ತುಂಡು, ಸ್ಪಂಜಿನಂಥ ರಬ್ಬರು ಎಲ್ಲವನ್ನೂ ಅಚ್ಚಿನಲ್ಲಿಟ್ಟು, ಟೈರು ರಿಟ್ರೆಡ್ ಮಾಡುವ ಹಾಗೆ ಬೇಯಿಸಿ, ಬರಿಗಾಲಲ್ಲಿ ಗದ್ದೆಗೆ ಇಳಿಯಬಹುದಾದ ಪಾದ ಮಾಡಿದರು. ಡಾ. ಸೇಥಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಿಮ್ಮ ತೋಟದ ಕಾದಿಗೆಗೂ ಸಂಕಕ್ಕೂ ಈ ಪಾದವೇ ಒಗ್ಗುತ್ತದೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ನಿಮ್ಮದು ಮಂಡಿಯಿಂದ ಮೇಲಕ್ಕೆ ಹೋದ ಕಾಲು. ಪಾದದ ಜೊತೆ ಮಂಡಿಯ ಕೀಲೂ ಬೇಕು, ತೊಡೆ ಕೂರುವ ಸಾಕೆಟ್ಟೂ ಬೇಕು. ಕೀಲಿನಲ್ಲಿ ಅಗ್ಗದ್ದು ಬಾಗಿಲ ತಿರುಗಣಿಯ ಹಾಗೆ ಒಂದೇ ಕಡೆ ಮಡಚುತ್ತದೆ. ಮೈಭಾರ ಸ್ವಲ್ಪ ಹಿಂದೆ ಬಿದ್ದರೆ ಅದು ಥಟ್ಟನೆ ಮಡಚಿ ಬೀಳಿಸುವ ಭಯ ಇರುತ್ತದೆ, ಅದಕ್ಕಾಗಿ ಎಷ್ಟೋ ಜನ ಕೀಲಿಗೆ ಬೀಗ ಹಾಕಿಸಿಕೊಂಡು ಕೋಲುಗಾಲಲ್ಲಿ ನಡೆಯುತ್ತಾರೆ. ಇನ್ನೊಂದು ಬಗೆಯದ್ದು ನಾಲ್ಕು ಪಟ್ಟಿ ಜೋಡಿಸಿದ ಪಾಲಿಸೆಂಟ್ರಿಕ್ ಕೀಲು. ನಿಂತಾಗ ಗಟ್ಟಿಯಾಗಿ ನಿಲ್ಲುತ್ತದೆ, ಹೆಜ್ಜೆ ಎತ್ತಿದಾಗ ಕಾಲು ಒಂದಿಷ್ಟು ಗಿಡ್ಡವಾಗುವುದರಿಂದ ಹೆಬ್ಬೆರಳು ನೆಲಕ್ಕೆ ಎಡವುವುದಿಲ್ಲ. ಮದ್ರಾಸ್ ಐಐಟಿಯವರು ಬೆಂಗಳೂರಿನ ಸೊಸೈಟಿ ಫಾರ್ ಬಯೋಮೆಡಿಕಲ್ ಟೆಕ್ನಾಲಜಿ ಮತ್ತು ಮೊಬಿಲಿಟಿ ಇಂಡಿಯಾ ಸಂಸ್ಥೆಗಳ ಜೊತೆ ಸೇರಿ 2022ರಲ್ಲಿ ‘ಕದಮ್’ ಎಂಬ ಇಂಥದೇ ಕೀಲು ತಂದರು. ಅದು 160 ಡಿಗ್ರಿಯವರೆಗೆ ಮಡಚುತ್ತದೆ. ನಮ್ಮ ನೆಲ, ನಮ್ಮ ಬಸ್ಸಿನ ಸೀಟು ಇವನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬರು ಕೀಲು ಮಾಡಿದ್ದಾರಲ್ಲ ಎಂದು ನನಗೆ ಆಗ ಕಣ್ಣು ತುಂಬಿ ಬಂದಿತ್ತು.

ಮಡಚಿದ ಮಾತ್ರಕ್ಕೆ ಚಕ್ಕಳಮಕ್ಕಳ ಹಾಕಲು ಆಗುವುದಿಲ್ಲ, ಕಾಲು ಪಕ್ಕಕ್ಕೂ ತಿರುಗಬೇಕು. ಅದಕ್ಕೆ ಕೀಲಿನ ಮೇಲ್ಗಡೆ ರೊಟೇಟರ್ ಎಂಬ ಪುಟ್ಟ ಬಿಲ್ಲೆ ಕೂರಿಸುತ್ತಾರೆ. ಗುಂಡಿ ಒತ್ತಿದರೆ ಕೆಳಗಿನ ಕಾಲು ಪಕ್ಕಕ್ಕೆ ತಿರುಗುತ್ತದೆ, ಏಳುವಾಗ ನೇರ ಮಾಡಿದರೆ ಕ್ಲಿಕ್ ಎಂದು ಕೂರುತ್ತದೆ. ಇದನ್ನು ಕೇಳಿ ಹಾಕಿಸಿಕೊಳ್ಳಬೇಕು, ತಾವಾಗಿ ಯಾರೂ ಹೇಳುವುದಿಲ್ಲ. ನಿಮ್ಮ ಉಳಿದ ತೊಡೆ ತುಂಬ ಉದ್ದವಿದ್ದರೆ ಅದಕ್ಕೆ ಜಾಗ ಸಿಗದೇ ಹೋಗಬಹುದು, ಅಳತೆ ತೆಗೆಯುವಾಗಲೇ ವಿಚಾರಿಸಿ.

ಮಗ ಹೇಳುವ ಕಂಪ್ಯೂಟರ್ ಮಂಡಿ ಕೆಟ್ಟದ್ದಲ್ಲ. ಕಾಲಿನ ಕೋನ, ಬೀಳುವ ಭಾರ ಎರಡನ್ನೂ ಅಳೆಯುತ್ತಲೇ ಇದ್ದು, ಮುಗ್ಗರಿಸಿದರೆ ಆ ಕ್ಷಣದಲ್ಲೇ ಬಿಗಿಯಾಗುತ್ತದೆ. ಇಳಿಜಾರಿನಲ್ಲಿ, ಮೆಟ್ಟಿಲಲ್ಲಿ ಅದರ ಆಸರೆಯೇ ಬೇರೆ. ದಿನವೂ ಇಲ್ಲವೇ ಕೆಲವು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು, ನೀರು ತಾಗಬಹುದೇ ಎಂದು ಮಾದರಿ ನೋಡಿ ತಿಳಿಯಬೇಕು, ಕೆಟ್ಟರೆ ರಿಪೇರಿ ನಿಮ್ಮ ಊರಲ್ಲಿ ಆಗುವುದಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋಗುವ ಊರಿನ ತೋಟಗಾರರಿಗೆ ಸಾಲ ಮಾಡಿ ಅದನ್ನು ಕೊಳ್ಳಿ ಎಂದು ನಾನು ಹೇಳಲಾರೆ.

ಇನ್ನೊಂದು ಮಾತು, ಇದನ್ನು ಮಗನಿಗೂ ಓದಿ ಹೇಳಿ. ಐದು ತಿಂಗಳಿಗೆ ತೊಡೆಯ ಊತ ಪೂರ್ತಿ ಇಳಿದಿರುವುದಿಲ್ಲ, ಇನ್ನೂ ಸಣ್ಣಗಾಗುತ್ತದೆ. ಈಗ ಮಾಡಿಸಿದ ಸಾಕೆಟ್ ಮುಂದಿನ ವರ್ಷ ಸಡಿಲವಾಗಿ, ಒಳಗೆ ಕಾಲು ಜಾರಿ ಉಜ್ಜುತ್ತದೆ. ಹಾಗಾಗಿ ದುಬಾರಿ ಸಾಕೆಟ್‌ಗೆ ಅವಸರ ಬೇಡ. ಸಕ್ಕರೆ ಇರುವ ನಿಮಗೆ ಚರ್ಮ ಕೆಂಪಾದದ್ದು ಗೊತ್ತೇ ಆಗದಿರಬಹುದು. ರಾತ್ರಿ ಕಾಲು ಬಿಚ್ಚಿದ ಮೇಲೆ ಒಂದು ಕೈಗನ್ನಡಿ ಹಿಡಿದು ತೊಡೆಯ ತುದಿಯನ್ನೂ, ಉಳಿದಿರುವ ಬಲಪಾದದ ಅಡಿಯನ್ನೂ ನೋಡಿಕೊಳ್ಳಿ. ಕೆಂಪು ಹತ್ತು ನಿಮಿಷಕ್ಕೂ ಹೋಗದಿದ್ದರೆ ಮರುದಿನ ಕಾಲು ಹಾಕಬೇಡಿ, ಮಾಡಿಕೊಟ್ಟವರ ಹತ್ತಿರ ಹೋಗಿ ಆ ಜಾಗ ತೋರಿಸಿ.

ಪ್ರಶ್ನೆ: ಮಗಳು ಕೈಗೆ ಸ್ಮಾರ್ಟ್ ವಾಚ್ ಕಟ್ಟಿದ್ದಾಳೆ. ದಿನಕ್ಕೆ 10,000 ಹೆಜ್ಜೆ ಆಗಲೇಬೇಕಂತೆ. ನನಗೆ 71 ವರ್ಷ, ಮಂಡಿ ನೋವು. ಆಗುತ್ತಿಲ್ಲ.
— ಓದುಗರು, ದಾವಣಗೆರೆ

ಉತ್ತರ: ಆಗದಿದ್ದರೆ ಬಿಡಿ. 10,000 ಎಂಬ ಸಂಖ್ಯೆ ವೈದ್ಯರು ಲೆಕ್ಕ ಹಾಕಿ ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂಬ ಅರ್ಥದ ಹೆಸರಿಟ್ಟಿತು, ಅಲ್ಲಿಂದ ಹರಡಿದ್ದು. ಈ ವಾರ ವಾಚು ಎಷ್ಟು ತೋರಿಸುತ್ತದೋ ನೋಡಿ, ಮುಂದಿನ ವಾರ ಅದಕ್ಕೆ 300 ಸೇರಿಸಿ. ರಾತ್ರಿ ನೋವು ಹೆಚ್ಚಾದರೆ ಹಿಂದಿನ ಲೆಕ್ಕಕ್ಕೇ ಬನ್ನಿ.

ಪ್ರಶ್ನೆ: ಅಮ್ಮನಿಗೆ 64. ನಾಲ್ಕು ತಿಂಗಳ ಹಿಂದೆ ಲಕ್ವ ಹೊಡೆದು ಬಲಭಾಗ ಹೋಗಿತ್ತು. ಈಗ ಗೋಡೆ ಹಿಡಿದು ನಡೆಯುತ್ತಾರೆ, ಕೈ ಮಾತ್ರ ಬಂದಿಲ್ಲ. ಬೆರಳು ಸ್ವಲ್ಪ ಮಡಚುತ್ತಾರೆ, ಬಿಡಿಸಲು ಕಷ್ಟ. ಬೆಂಗಳೂರಿನಲ್ಲಿ ರೋಬೋ ಚಿಕಿತ್ಸೆ ಇದೆಯಂತೆ, ಒಂದು ತಿಂಗಳು ಅಲ್ಲೇ ಮನೆ ಮಾಡಬೇಕು. ಇಲ್ಲವಾದರೆ ಫೋನಿನಲ್ಲಿ ವಿಡಿಯೋ ಮೂಲಕ ಫಿಸಿಯೋ ಮಾಡಿಸಬಹುದೇ?
— ಓದುಗರು, ಕೊಪ್ಪ

ಉತ್ತರ: ರೋಬೋ ಏನು ಮಾಡುತ್ತದೆ ಎಂದು ಮೊದಲು ತಿಳಿದುಕೊಳ್ಳಿ. ಕೈ ಹಿಡಿದು ಒಂದೇ ಚಲನೆಯನ್ನು ನೂರಾರು ಸಲ ಮಾಡಿಸುತ್ತದೆ, ಆಗದಷ್ಟಕ್ಕೆ ತಾನು ನೆರವು ಕೊಡುತ್ತದೆ, ಎಣಿಸಿ ಇಡುತ್ತದೆ. ನಮ್ಮಂಥವರ ಕೈ ಸೋತರೂ ಅದು ಸೋಲುವುದಿಲ್ಲ. ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮತ್ತು ಮದ್ರಾಸ್ ಐಐಟಿಯವರು ಸೇರಿ ಮಾಡಿದ ‘ಪ್ಲೂಟೊ’ದಲ್ಲಿ ಒಂದೇ ಮೋಟಾರಿಗೆ ಬೇರೆ ಬೇರೆ ಹಿಡಿಕೆ ಸಿಕ್ಕಿಸಿ ಮಣಿಕಟ್ಟು, ಬೆರಳು ಎಲ್ಲಕ್ಕೂ ಅಭ್ಯಾಸ ಮಾಡಿಸಬಹುದು. ಇದು ಒಳ್ಳೆಯ ಕೆಲಸ. ಆದರೆ ಬ್ರಿಟನ್ನಿನಲ್ಲಿ ಲಕ್ವ ಹೊಡೆದ 770 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂದಾಗ, ರೋಬೋ ತರಬೇತಿ ಪಡೆದವರ ಕೈ ಮಾಮೂಲಿ ಚಿಕಿತ್ಸೆಯವರ ಕೈಗಿಂತ ದಿನನಿತ್ಯದ ಕೆಲಸದಲ್ಲಿ ಮುಂದಿರಲಿಲ್ಲ. ಮನೆ ಹತ್ತಿರವೇ ಸಿಕ್ಕರೆ ಖಂಡಿತ ಮಾಡಿಸಿ. ಅದಕ್ಕಾಗಿ ಊರು ಬಿಟ್ಟು, ಅಮ್ಮನನ್ನು ಗುರುತಿಲ್ಲದ ಬಾಡಿಗೆ ಕೋಣೆಯಲ್ಲಿ ತಿಂಗಳು ಕೂರಿಸುವುದು ಬೇಡ ಎಂದೇ ನನ್ನ ಸಲಹೆ.

ನನ್ನ ಅಪ್ಪನಿಗೆ 2011ರಲ್ಲಿ ಲಕ್ವ ಹೊಡೆಯಿತು. ಒಂದು ಅಂಗಡಿಯವರು ಕೈಗೆ ಕಟ್ಟುವ ಕರೆಂಟಿನ ಯಂತ್ರ ಮಾರಿದರು, ‘ಮೂರು ವಾರದಲ್ಲಿ ಕೈ ಬರುತ್ತದೆ’ ಅಂದಿದ್ದರು. ನಾನು ಊರಲ್ಲಿ ಇರಲಿಲ್ಲ, ನನ್ನ ತಮ್ಮ ಹಣ ಕೊಟ್ಟಿದ್ದ. ಯಂತ್ರ ಬೆರಳನ್ನು ಎತ್ತುತ್ತಿತ್ತು, ಅಪ್ಪ ಟಿವಿ ನೋಡುತ್ತಿದ್ದರು. ಮೂರು ವಾರ ಕಳೆದರೂ ಕೈ ಹಾಗೇ ಇತ್ತು. ಅಂಥ ಯಂತ್ರಕ್ಕೂ ಕೆಲಸವಿದೆ, ಆದರೆ ಕರೆಂಟು ಬೆರಳು ಎತ್ತುವ ಹೊತ್ತಿಗೇ ಆ ಮನುಷ್ಯನೂ ಎತ್ತಲು ಯತ್ನಿಸಬೇಕು, ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಅಪ್ಪ ಮನೆಗೆ ಬಂದವರಿಗೆ ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆ ಇಡುತ್ತಿದ್ದವರು. ನಾನು ಬಂದವಳೇ ಆ ತಟ್ಟೆಯನ್ನು ಅವರ ಮುಂದಿಟ್ಟೆ. ಎಡಗೈ ಎಲೆ ಹಿಡಿಯುವುದು, ಬಲಗೈಯ ಹೆಬ್ಬೆರಳು ತೋರುಬೆರಳು ತೊಟ್ಟು ಚಿವುಟುವುದು. ಮೊದಲ ದಿನ ಒಂದು ಎಲೆಗೆ ಎಂಟು ನಿಮಿಷ ಹಿಡಿಯಿತು, ಎಲೆ ಹರಿದು ಹೋಯಿತು. ಅಪ್ಪ ಬೆವರಿದ್ದರು. ಮರುದಿನ ನಾಲ್ಕು ಎಲೆ. ಎಲೆಯ ಹಿಂದಿನ ನಾರು ಎಳೆಯಲು ಬಂದದ್ದು ಎರಡು ತಿಂಗಳ ಮೇಲೆ. ಅವರ ಕೈ ಪೂರ್ತಿ ಬರಲಿಲ್ಲ, ಆದರೆ ತಟ್ಟೆ ಸಿದ್ಧ ಮಾಡುವಷ್ಟು ಬಂತು.

ನಿಮ್ಮ ಅಮ್ಮನ ಬೆರಳು ಮಡಚುತ್ತದೆ ಎಂದಿರಿ, ಅದು ಒಳ್ಳೆಯ ಸೂಚನೆ. ಬಿಡಿಸುವುದಕ್ಕೆ ಕನ್ನಡಿ ಅಭ್ಯಾಸ ಮಾಡಿಸಿ. ಕೈಕಾಲು ಕಳೆದುಕೊಂಡವರಿಗೆ ಇಲ್ಲದ ಕೈಯಲ್ಲಿ ಬರುವ ನೋವಿಗೆಂದು ವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತಂದ ಉಪಾಯ ಇದು, ಈಗ ಲಕ್ವದವರಿಗೂ ಬಳಸುತ್ತೇವೆ. ಮೇಜಿನ ಮೇಲೆ ಕನ್ನಡಿಯನ್ನು ನೆಟ್ಟಗೆ ನಿಲ್ಲಿಸಿ, ಬಲಗೈ ಅದರ ಹಿಂದೆ, ಎಡಗೈ ಮುಂದೆ. ಎಡಗೈ ಬಿಡಿಸುವುದನ್ನು ಕನ್ನಡಿಯಲ್ಲಿ ನೋಡುತ್ತ ಬಲಗೈಯನ್ನೂ ಬಿಡಿಸಲು ಯತ್ನಿಸಬೇಕು, ದಿನಕ್ಕೆ ಅರ್ಧ ಗಂಟೆ. ಆಮೇಲೆ ಅಮ್ಮ ಏನು ಮಾಡುತ್ತಿದ್ದರೋ ಅದು: ಅವರೆಕಾಳು ಸುಲಿಯುವುದೋ, ಬತ್ತಿ ಹೊಸೆಯುವುದೋ.

ವಿಡಿಯೋ ಫಿಸಿಯೋ ಧಾರಾಳವಾಗಿ ಮಾಡಿಸಬಹುದು, ನಾನೂ ಮಾಡುತ್ತೇನೆ. ಆದರೆ ಮೊದಲ ಸಲ ಒಬ್ಬರು ಎದುರಿಗೇ ಕೂತು ಭುಜ ಮುಟ್ಟಿ ನೋಡಲೇಬೇಕು. ಆಮೇಲೆ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಮುಖದ ಬದಲು ಭುಜ ಮತ್ತು ಬೆರಳು ಎರಡೂ ಕಾಣುವಂತೆ ಇಡಿ.

ಎರಡು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಸೋತ ಭುಜದ ಕೀಲು ಜಾರುತ್ತದೆ. ಬಾಗಿಲಿಗೆ ರಾಟೆ ಕಟ್ಟಿ ಒಳ್ಳೆಯ ಕೈಯಿಂದ ಸೋತ ಕೈಯನ್ನು ಮೇಲೆಳೆಯುವ ವ್ಯಾಯಾಮ ಹಳ್ಳಿಹಳ್ಳಿಯಲ್ಲೂ ಇದೆ, ಅದರಿಂದ ಭುಜದ ನೋವು ಹತ್ತಿ ಕಷ್ಟಪಟ್ಟವರನ್ನು ನಾನು ಪ್ರತಿ ತಿಂಗಳೂ ನೋಡುತ್ತೇನೆ. ಕಟ್ಟಿದ್ದರೆ ಇವತ್ತೇ ಬಿಚ್ಚಿ.

ಪ್ರಶ್ನೆ: ಮಗಳಿಗೆ 20 ತಿಂಗಳು. ಹುಟ್ಟು ಕಿವುಡು. ಮೂರು ತಿಂಗಳ ಹಿಂದೆ ಕಾಕ್ಲಿಯರ್ ಇಂಪ್ಲಾಂಟ್ ಯಂತ್ರ ಆನ್ ಮಾಡಿದರು. ಇನ್ನೂ ‘ಅಮ್ಮ’ ಅನ್ನುತ್ತಿಲ್ಲ. ಆಪರೇಷನ್ ಫೇಲ್ ಆಗಿದೆ ಅಂತ ಅತ್ತೆ ಅಳುತ್ತಾರೆ.
— ಒಬ್ಬ ತಾಯಿ, ಹೊಸದುರ್ಗ

ಉತ್ತರ: ಇದು ನನ್ನ ಕ್ಷೇತ್ರವಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಲಿತ ಗೆಳತಿಯೊಬ್ಬಳನ್ನು ಕೂರಿಸಿಕೊಂಡು ಬರೆಯುತ್ತಿದ್ದೇನೆ. 1965ರಲ್ಲಿ ಶುರುವಾದ ಆ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವುದು ನಮ್ಮ ಮಕ್ಕಳ ಪುಣ್ಯ.

ಅತ್ತೆಯವರಿಗೆ ಹೀಗೆ ಹೇಳಿ: ಮಗುವಿಗೆ 20 ತಿಂಗಳಾದರೂ ಅದರ ಕಿವಿಗೆ ಮೂರೇ ತಿಂಗಳು. ಮೂರು ತಿಂಗಳ ಕೂಸು ‘ಅಮ್ಮ’ ಅನ್ನುತ್ತದೆಯೇ? ಈ ಯಂತ್ರ ನಮ್ಮ ಕಿವಿಯಂತೆ ಕೇಳಿಸುವುದಿಲ್ಲ. ಹೊರಗಿನ ಮೈಕು ಹಿಡಿದ ಸದ್ದು ಒಳಗಿನ ತಂತಿಗಳ ಮೂಲಕ ನರಕ್ಕೆ ಸಣ್ಣ ಸಣ್ಣ ಕರೆಂಟಾಗಿ ಹೋಗುತ್ತದೆ. ಅದು ಬಾಗಿಲ ಸದ್ದು, ಇದು ಅಜ್ಜಿಯ ದನಿ ಎಂದು ಮಿದುಳು ಒಂದೊಂದಾಗಿ ಕಲಿಯಬೇಕು. ಹಾಗಾಗಿ ಮ್ಯಾಪಿಂಗ್‌ಗೆ ಅಂದರೆ ಮಗುವಿಗೆ ತಕ್ಕಂತೆ ಯಂತ್ರ ಹೊಂದಿಸುವುದಕ್ಕೆ ಕೊಟ್ಟ ದಿನಾಂಕ ತಪ್ಪಿಸಬೇಡಿ, ಎಚ್ಚರವಿರುವಷ್ಟು ಹೊತ್ತೂ ಯಂತ್ರ ಕಿವಿಯ ಮೇಲೆ ಇರಲಿ. ಟಿವಿ ಆರಿಸಿ. ದೋಸೆ ಹುಯ್ಯುವಾಗ ‘ಚುಂಯ್ ಅಂತು ನೋಡು’ ಎನ್ನಿ, ಕುಕ್ಕರ್ ಕೂಗಿದರೆ ಕಿವಿ ತೋರಿಸಿ. ಮನೆಯಲ್ಲಿ ಆಡುವ ಕನ್ನಡವನ್ನೇ ಆಡಿ. ಮುಂದೆ ಯಾವತ್ತಾದರೂ ಎಂಆರ್‌ಐ ಮಾಡಿಸಬೇಕಾಗಿ ಬಂದರೆ, ಒಳಗೆ ಅಯಸ್ಕಾಂತವಿದೆ ಎಂದು ಮೊದಲೇ ಹೇಳುವುದನ್ನು ಮರೆಯಬೇಡಿ.

ದಿನಾ ಬೆಳಗ್ಗೆ ಬ್ಯಾಟರಿ ಹಾಕಿದ ಮೇಲೆ ಮಗುವಿನ ಬೆನ್ನ ಹಿಂದೆ, ತುಟಿ ಕಾಣದ ಹಾಗೆ ಕೂತು ಆರು ಸದ್ದು ಮಾಡಿ: ಆ, ಊ, ಈ, ಶ್, ಸ್, ಮ್. ಮಾತಿನಲ್ಲಿ ಬರುವ ದಪ್ಪ ದನಿಯಿಂದ ತೆಳು ದನಿಯವರೆಗೆ ಎಲ್ಲವೂ ಈ ಆರರಲ್ಲಿ ಇವೆ. ತಿರುಗಿ ನೋಡಿದರೆ, ಆಟ ನಿಲ್ಲಿಸಿದರೆ, ಕಣ್ಣು ಅರಳಿಸಿದರೆ ಕೇಳಿಸಿತು ಎಂದರ್ಥ. ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಯಾವ ಸದ್ದಿಗೆ ತಿರುಗಿದಳು ಎಂದು ಬರೆದಿಡಿ. ನಿನ್ನೆಯವರೆಗೆ ‘ಸ್’ಗೆ ತಿರುಗುತ್ತಿದ್ದವಳು ಇವತ್ತು ತಿರುಗದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಕೇಬಲ್ ಬದಲಿಸಿ ನೋಡಿ. ಆಗಲೂ ತಿರುಗದಿದ್ದರೆ ಮುಂದಿನ ದಿನಾಂಕದವರೆಗೆ ಕಾಯದೆ ಆ ಕ್ಯಾಲೆಂಡರ್ ಹಾಳೆಯನ್ನು ಹರಿದುಕೊಂಡೇ ಆಡಿಯಾಲಜಿಸ್ಟ್ ಹತ್ತಿರ ಹೋಗಿ.