ಇಂಗ್ಲಿಷ್ ಪ್ರಶ್ನೋತ್ತರ: ಕ್ರಿಯಾವಿಶೇಷಣಕ್ಕೆ ಜಾಗ ಎಲ್ಲಿ?

ಪ್ರಶ್ನೆ: 'ಶಿ ಸ್ಪೀಕ್ಸ್ ಫ್ಲುಯೆಂಟ್ಲಿ ಇಂಗ್ಲಿಷ್' ಎಂದು ಬರೆದಿದ್ದಕ್ಕೆ ಮೇಷ್ಟ್ರು ಕೆಂಪು ಗೆರೆ ಎಳೆದರು. ಪದಗಳೆಲ್ಲ ಸರಿಯಾಗಿಯೇ ಇವೆಯಲ್ಲ, ತಪ್ಪೆಲ್ಲಿದೆ?

ಉತ್ತರ: ಪದ ಸರಿ, ಜಾಗ ತಪ್ಪು. ಇಂಗ್ಲಿಷಿನಲ್ಲಿ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ನಡುವೆ ಕ್ರಿಯಾವಿಶೇಷಣ ತೂರಿಸಬಾರದು. 'ಸ್ಪೀಕ್ಸ್' ಆದ ಕೂಡಲೇ 'ಇಂಗ್ಲಿಷ್' ಬರಬೇಕು, ಅದಾದ ಮೇಲೆ 'ಫ್ಲುಯೆಂಟ್ಲಿ': 'ಶಿ ಸ್ಪೀಕ್ಸ್ ಇಂಗ್ಲಿಷ್ ಫ್ಲುಯೆಂಟ್ಲಿ.' ನಾವು ತಪ್ಪುವುದಕ್ಕೆ ಕಾರಣ ಕನ್ನಡದಲ್ಲೇ ಇದೆ. 'ಇಂಗ್ಲಿಷನ್ನು ಸರಾಗವಾಗಿ ಮಾತಾಡುತ್ತಾಳೆ' ಎನ್ನುವಾಗ ಕ್ರಿಯಾಪದದ ಪಕ್ಕಕ್ಕೇ ಇರುವುದು 'ಸರಾಗವಾಗಿ'. ಅದೇ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲೂ ಅದನ್ನು ಕ್ರಿಯಾಪದಕ್ಕೆ ಅಂಟಿಸಿಬಿಡುತ್ತೇವೆ. ಕರ್ಮ ತುಂಬ ಉದ್ದವಾಗಿದ್ದರೆ ಕ್ರಿಯಾವಿಶೇಷಣವನ್ನು ಕ್ರಿಯಾಪದದ ಮುಂದಕ್ಕೆ ತನ್ನಿ: 'ಶಿ ಕೇರ್‌ಫುಲಿ ರೆಡ್ ಎವ್ರಿ ಪೇಜ್ ಆಫ್ ದ ರಿಪೋರ್ಟ್.'

ಒಂದೇ ವಾಕ್ಯದಲ್ಲಿ ಎರಡು ಮೂರು ಕ್ರಿಯಾವಿಶೇಷಣಗಳು ಸೇರಿದಾಗ ಇನ್ನೊಂದು ಸಂಗತಿ ಕಾಣುತ್ತದೆ. 'ಅವಳು ನಿನ್ನೆ ಸಭೆಯಲ್ಲಿ ಸೊಗಸಾಗಿ ಹಾಡಿದಳು': ಮೊದಲು ಕಾಲ, ಆಮೇಲೆ ಸ್ಥಳ, ಕೊನೆಗೆ ರೀತಿ. ಇಂಗ್ಲಿಷಿನಲ್ಲಿ ಇದು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು: 'ಶಿ ಸ್ಯಾಂಗ್ ಬ್ಯೂಟಿಫುಲಿ ಅಟ್ ದ ಮೀಟಿಂಗ್ ಯೆಸ್ಟರ್‌ಡೇ.' ರೀತಿ, ಸ್ಥಳ, ಕಾಲ. ಕನ್ನಡ ವಾಕ್ಯವನ್ನು ಕ್ರಿಯಾಪದದಿಂದ ಹಿಂದಕ್ಕೆ ಓದುತ್ತ ಹೋದರೆ ಇಂಗ್ಲಿಷ್ ಕ್ರಮ ತಾನಾಗಿ ಸಿಗುತ್ತದೆ. ಹೋಗು, ಬಾ ಎಂಬ ಅರ್ಥದ ಕ್ರಿಯಾಪದಗಳಿದ್ದಾಗ ಮಾತ್ರ ಸಾಮಾನ್ಯವಾಗಿ ಸ್ಥಳ ಮೊದಲು ಬರುತ್ತದೆ: 'ಶಿ ವೆಂಟ್ ಹೋಮ್ ಕ್ವಯಟ್ಲಿ.' ಕಾಲಕ್ಕೆ ಒತ್ತು ಕೊಡಬೇಕೆಂದರೆ 'ಯೆಸ್ಟರ್‌ಡೇ'ಯನ್ನು ವಾಕ್ಯದ ಆರಂಭಕ್ಕೂ ತರಬಹುದು.

ಪ್ರಶ್ನೆ: 'ಆಲ್ವೇಸ್', 'ನೆವರ್' ಒಮ್ಮೆ ಕ್ರಿಯಾಪದಕ್ಕೆ ಮುಂಚೆ ಬರುತ್ತವೆ, ಒಮ್ಮೆ ನಂತರ. ಇದಕ್ಕೊಂದು ನಿಯಮ ಇದೆಯೇ?

ಉತ್ತರ: ಇದೆ. ಮುಖ್ಯ ಕ್ರಿಯಾಪದ ಒಂದೇ ಇದ್ದರೆ ಅದಕ್ಕೆ ಮುಂಚೆ: 'ಹಿ ಆಲ್ವೇಸ್ ಕಮ್ಸ್ ಲೇಟ್.' 'ಈಸ್', 'ಆರ್', 'ವಾಸ್' ಇದ್ದರೆ ಅದರ ನಂತರ: 'ಹಿ ಈಸ್ ಆಲ್ವೇಸ್ ಲೇಟ್.' ಸಹಾಯಕ ಕ್ರಿಯಾಪದಗಳು ಒಂದಕ್ಕಿಂತ ಹೆಚ್ಚಿದ್ದರೆ ಮೊದಲನೆಯದರ ನಂತರ: 'ಹಿ ಹ್ಯಾಸ್ ಆಲ್ವೇಸ್ ಬೀನ್ ಟ್ರೀಟೆಡ್ ವೆಲ್.' 'ಯೂಶುವಲಿ', 'ಆಫನ್', 'ಸೆಲ್ಡಮ್' ಕೂಡ ಇದೇ ದಾರಿ ಹಿಡಿಯುತ್ತವೆ.

'ನೆವರ್' ವಿಷಯದಲ್ಲಿ ಕನ್ನಡಿಗರು ಇನ್ನೂ ಒಂದು ಎಚ್ಚರ ವಹಿಸಬೇಕು. 'ಅವನು ಎಂದೂ ಸುಳ್ಳು ಹೇಳುವುದಿಲ್ಲ' ಎನ್ನಲು ನಮಗೆ 'ಎಂದೂ' ಸಾಲದು, 'ಇಲ್ಲ' ಬೇಕೇ ಬೇಕು. ಇಂಗ್ಲಿಷಿನ 'ನೆವರ್' ಒಳಗೆ ಆ 'ಇಲ್ಲ' ಆಗಲೇ ಸೇರಿದೆ. ಆದ್ದರಿಂದ 'ಹಿ ಡಸಂಟ್ ನೆವರ್ ಲೈ' ಎನ್ನಬೇಡಿ. 'ಹಿ ನೆವರ್ ಲೈಸ್' ಸಾಕು. ಒತ್ತು ಕೊಡಲು 'ನೆವರ್' ಅನ್ನು ಮೊದಲಿಗೆ ತಂದರೆ ಪ್ರಶ್ನೆಯಲ್ಲಿ ಮಾಡುವಂತೆ ಸಹಾಯಕ ಕ್ರಿಯಾಪದವನ್ನು ಕರ್ತೃವಿನ ಮುಂದೆ ಇಡಬೇಕು: 'ನೆವರ್ ಹ್ಯಾವ್ ಐ ಸೀನ್ ಸಚ್ ರೇನ್.'

ಪ್ರಶ್ನೆ: ಗುಣವಾಚಕಕ್ಕೆ 'ಲಿ' ಸೇರಿಸಿದರೆ ಕ್ರಿಯಾವಿಶೇಷಣ ಆಗುತ್ತದೆ ಎಂದು ಕಲಿತಿದ್ದೇವೆ. ಇದನ್ನು ಎಷ್ಟು ನಂಬಬಹುದು?

ಉತ್ತರ: ಬಹುಪಾಲು ನಂಬಬಹುದು, ಕಣ್ಣು ಮುಚ್ಚಿ ಮಾತ್ರ ಬೇಡ. 'ಹಾರ್ಡ್' ಪದವನ್ನೇ ನೋಡಿ. 'ಶಿ ವರ್ಕ್ಸ್ ಹಾರ್ಡ್' ಎಂದರೆ ಕಷ್ಟಪಟ್ಟು ದುಡಿಯುತ್ತಾಳೆ. 'ಶಿ ಹಾರ್ಡ್ಲಿ ವರ್ಕ್ಸ್' ಎಂದರೆ ಕೆಲಸ ಮಾಡುವುದೇ ಅಪರೂಪ. ಶಿಫಾರಸು ಪತ್ರದಲ್ಲಿ ಈ ಒಂದು 'ಲಿ' ಸೇರಿಕೊಂಡರೆ ಹೊಗಳಿಕೆ ತೆಗಳಿಕೆಯಾಗುತ್ತದೆ. 'ಲೇಟ್' ಎಂದರೆ ತಡವಾಗಿ, 'ಲೇಟ್ಲಿ' ಎಂದರೆ ಇತ್ತೀಚೆಗೆ. 'ನಿಯರ್' ಎಂದರೆ ಹತ್ತಿರ, 'ನಿಯರ್ಲಿ' ಎಂದರೆ ಹೆಚ್ಚುಕಡಿಮೆ. 'ಫಾಸ್ಟ್' ಎರಡಕ್ಕೂ ಒಂದೇ ರೂಪ. 'ಫಾಸ್ಟ್ಲಿ' ಎಂದು ಬರೆಯಬೇಡಿ. 'ಗುಡ್' ಗುಣವಾಚಕ, ಅದರ ಕ್ರಿಯಾವಿಶೇಷಣ 'ವೆಲ್'. 'ಫ್ರೆಂಡ್ಲಿ', 'ಲೋನ್ಲಿ', 'ಅಗ್ಲಿ' ಇವು 'ಲಿ' ಇದ್ದರೂ ಗುಣವಾಚಕಗಳೇ. ಹಾಗಾಗಿ ಸ್ನೇಹದಿಂದ ಮಾತಾಡಿದ ಎನ್ನಲು 'ಹಿ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ' ಎನ್ನಬೇಕು.

ಪ್ರಶ್ನೆ: 'ಹಿ ಲುಕ್ಡ್ ಆಂಗ್ರಿ', 'ಹಿ ಲುಕ್ಡ್ ಆಂಗ್ರಿಲಿ' ಇವೆರಡರಲ್ಲಿ ಯಾವುದು ಸರಿ?

ಉತ್ತರ: ಎರಡೂ ಸರಿ, ಅರ್ಥ ಬೇರೆ. ಸಿಟ್ಟಾಗಿರುವಂತೆ ಕಂಡ ಎನ್ನಲು ಮೊದಲನೆಯದು. ಸಿಟ್ಟಿನಿಂದ ಯಾರನ್ನೋ ನೋಡಿದ ಎನ್ನಲು ಎರಡನೆಯದು, ಸಾಮಾನ್ಯವಾಗಿ 'ಅಟ್' ಜೊತೆಗೆ: 'ಹಿ ಲುಕ್ಡ್ ಆಂಗ್ರಿಲಿ ಅಟ್ ಮಿ.' ಅನುಮಾನ ಬಂದಾಗ ಕ್ರಿಯಾಪದದ ಜಾಗದಲ್ಲಿ 'ವಾಸ್' ಹಾಕಿ ನೋಡಿ. 'ಹಿ ವಾಸ್ ಆಂಗ್ರಿ' ಎಂದಾಗಲೂ ಹೇಳಬೇಕಾದ ಅರ್ಥ ಹೆಚ್ಚುಕಡಿಮೆ ಉಳಿದರೆ ಗುಣವಾಚಕ ಬಳಸಿ. 'ಸ್ಮೆಲ್', 'ಟೇಸ್ಟ್', 'ಫೀಲ್', 'ಸೌಂಡ್' ಇವುಗಳಿಗೂ ಇದೇ ಪರೀಕ್ಷೆ: 'ಇಟ್ ಸ್ಮೆಲ್ಸ್ ಸ್ವೀಟ್', 'ಸ್ವೀಟ್ಲಿ' ಅಲ್ಲ.

ಪ್ರಶ್ನೆ: 'ಬಿಫೋರ್ ಟೂ ಇಯರ್ಸ್', 'ಟುಡೇ ಮಾರ್ನಿಂಗ್', 'ಐ ವೆಂಟ್ ಟು ಹೋಮ್': ಇವೆಲ್ಲ ತಪ್ಪೇ?

ಉತ್ತರ: ಹೌದು. ಎರಡು ವರ್ಷದ ಹಿಂದೆ ಎನ್ನಲು 'ಟೂ ಇಯರ್ಸ್ ಅಗೋ'. 'ಅಗೋ' ಯಾವಾಗಲೂ ಅವಧಿಯ ನಂತರವೇ. 'ಇವತ್ತು ಬೆಳಿಗ್ಗೆ'ಗೆ 'ದಿಸ್ ಮಾರ್ನಿಂಗ್', 'ನಿನ್ನೆ ರಾತ್ರಿ'ಗೆ 'ಲಾಸ್ಟ್ ನೈಟ್'. ಇನ್ನು 'ಮನೆಗೆ' ಎಂಬಲ್ಲಿನ 'ಗೆ' ನಮ್ಮಿಂದ 'ಟು' ಹಾಕಿಸುತ್ತದೆ. 'ಐ ವೆಂಟ್ ಹೋಮ್' ಎನ್ನುವಾಗ 'ಹೋಮ್' ತಾನೇ ಕ್ರಿಯಾವಿಶೇಷಣ. 'ಹಿಯರ್', 'ದೇರ್', 'ಅಬ್ರಾಡ್' ಸಹ ಹಾಗೆಯೇ. 'ಐ ವೆಂಟ್ ಅಬ್ರಾಡ್' ಎನ್ನಿ. ಆದರೆ 'ಮೈ ಹೋಮ್' ಎಂದ ಕೂಡಲೇ 'ಹೋಮ್' ನಾಮಪದವಾಗುತ್ತದೆ, ಆಗ 'ಟು' ಬೇಕು: 'ಕಮ್ ಟು ಮೈ ಹೋಮ್.'