ಕಪ್ಪತಗುಡ್ಡದಲ್ಲಿ ಬ್ರಿಟಿಷರು ಮುಚ್ಚಿ ಬಿಟ್ಟುಹೋದ ಚಿನ್ನದ ಗಣಿ ಹುಡುಕಿದರೆ ಸಿಗುತ್ತದೆಯೇ?

ಮುತ್ತಜ್ಜ ಹೇಳಿದ ಗಣಿ, ಮೂವರು ಗೆಳೆಯರು, ಕೈಯಲ್ಲಿ ಒಂದೂವರೆ ಲಕ್ಷ, ಒಂದು ಮೆಟಲ್ ಡಿಟೆಕ್ಟರ್ ಕೊಳ್ಳುವ ಆಸೆ. ನಿಮ್ಮ ಪ್ರಶ್ನೆ ಓದಿದಾಗ 2011ರಲ್ಲಿ ನಾನೇ ಬರೆದದ್ದೇನೋ ಅನ್ನಿಸಿತು.

ನಮ್ಮದು ಮುಂಡರಗಿ ಕಡೆ. ನಾನೂ ಅದೇ ಕಥೆ ಕೇಳಿಯೇ ಬೆಳೆದವನು. ಸಾಹೇಬರು ಹೋಗುವಾಗ ಗಣಿ ಬಾಯಿಗೆ ಬಂಡೆ ಮುಚ್ಚಿದರು, ಒಳಗೆ ತೋಳು ಗಾತ್ರದ ಬಂಗಾರದ ಎಳೆ ಹಾಗೇ ಇದೆ ಅಂತ. ಒಂದು ಹಳೆ ಗಣಿಯ ಪಕ್ಕ ಕಲ್ಲುಗುಪ್ಪೆ ಇತ್ತು. ಅಲ್ಲಿ ಎರಡು ದಿನ ಕೂತು ಬಿಳಿ ಬೆಣಚುಕಲ್ಲು ಆರಿಸಿದೆ. ಒಂದರಲ್ಲಿ ತುಕ್ಕಿನ ಬಣ್ಣದ ಬಿರುಕು, ಬಿರುಕಿನೊಳಗೆ ಹಳದಿ ಮಿನುಗು. ಸೂಜಿ ಒತ್ತಿದೆ. ಚಿನ್ನದಂತೆ ಹೊಳೆದು ಮೋಸ ಮಾಡುವ ಪೈರೈಟ್ ಖನಿಜ ಆಗಿದ್ದರೆ ಪುಡಿಯಾಗಬೇಕು. ಇದು ಪುಡಿಯಾಗಲಿಲ್ಲ, ತಗ್ಗು ಬಿತ್ತು. ಅದು ನಿಜವಾದ ಚಿನ್ನ! ಲ್ಯಾಬಿಗೆ ಕಳಿಸಿದೆ. ಟನ್ನಿಗೆ 9 ಗ್ರಾಂ ಅಂತ ಬಂತು. ಹಟ್ಟಿ ಚಿನ್ನದ ಗಣಿಯಲ್ಲೂ ಟನ್ನಿಗೆ ಕೆಲವೇ ಗ್ರಾಂ ಸಿಗುವುದು. ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ತಪ್ಪಿದ್ದು ಇಲ್ಲೇ. ದಯವಿಟ್ಟು ಇದನ್ನು ನಿಧಾನವಾಗಿ ಓದಿ. ಲ್ಯಾಬಿನವರು ಸುಳ್ಳು ಹೇಳಿರಲಿಲ್ಲ. ಆ 9 ಗ್ರಾಂ ಲೆಕ್ಕ ಆ ಒಂದು ಕಲ್ಲಿಗೆ ಮಾತ್ರ. ನೂರಾರು ಕಲ್ಲು ಬಿಟ್ಟು, ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದನ್ನು ಆರಿಸಿದವನು ನಾನು. ಜೋಳದ ಇಳುವರಿ ಎಷ್ಟು ಅಂತ ತಿಳಿಯಲು ಬಾವಿ ಪಕ್ಕದ ಒಂದು ದೊಡ್ಡ ತೆನೆ ಮುರಿದು ತೂಗಿದರೆ ಹೇಗೆ? ಹಾಗೇ ಇದು. ಚಿನ್ನ ಬೆಣಚುಕಲ್ಲಿನ ಎಳೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ಒಂದು ಗೇಣು ಇದ್ದು ಮುಂದಿನ ಹತ್ತು ಮಾರು ಏನೂ ಇರದಿರಬಹುದು. ಸರಿಯಾದ ಸ್ಯಾಂಪಲ್ ಬೇಕಾದರೆ ಎಳೆಗೆ ಅಡ್ಡಲಾಗಿ, ಈ ಅಂಚಿನಿಂದ ಆ ಅಂಚಿನವರೆಗೆ, ಒಂದೇ ಅಗಲ ಒಂದೇ ಆಳ ಕೆತ್ತಬೇಕು. ಬಂದದ್ದನ್ನೆಲ್ಲ ಪುಡಿ ಮಾಡಿ, ರಾಶಿ ಹಾಕಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಮಾತ್ರ ಇಟ್ಟುಕೊಳ್ಳಬೇಕು. ಮತ್ತೆ ರಾಶಿ, ಮತ್ತೆ ನಾಲ್ಕು ಪಾಲು. ನಮ್ಮ ಕಣ್ಣಿಗೆ ಆರಿಸುವ ಅವಕಾಶವನ್ನೇ ಕೊಡಬಾರದು.

ಅಷ್ಟೇ ಅಲ್ಲ, ಆ ಗುಪ್ಪೆ ಇದ್ದದ್ದೇ ಗಣಿಯವರು ಬಿಸಾಡಿದ್ದು. ದೋಣಿ ಎಂಬ ಊರಿನ ಒಬ್ಬ ಅಜ್ಜ ಕಲ್ಲನ್ನು ತಿರುಗಿಸಿ ನೋಡಿ ಹೇಳಿದ್ದರು: "ತಮ್ಮಾ, ಇದು ಅವರು ಬ್ಯಾಡ ಅಂತ ಒಗದ ಕಲ್ಲು. ಅದ್ರಾಗ ಚಂದಂದು ಆರಿಸಿ ತಂದಿ." "ಇಲ್ಲ ಅಜ್ಜಾರ, ಲ್ಯಾಬ್‌ನ್ಯಾಗ ಬಂದೈತಿ" ಅಂದೆ.

ಗುಡ್ಡದ ಬುಡದಲ್ಲಿ ಅದೇ ಬಿಳಿ ಕಲ್ಲು ಎದ್ದಿದ್ದ ನಾಲ್ಕು ಎಕರೆ ಹೊಲವನ್ನು ಮೂರು ವರ್ಷ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದೆ. ಅವ್ವನ ಪಾಟ್ಲಿ ಬಳೆ ಒತ್ತೆ ಇಟ್ಟೆ. ಆಳು, ಅಗೆತ, ಲ್ಯಾಬು ಸೇರಿ 1 ಲಕ್ಷ 40 ಸಾವಿರ ಹೋಯಿತು. ಸರಿಯಾಗಿ ತೆಗೆದ 14 ಸ್ಯಾಂಪಲ್‌ನಲ್ಲಿ ಒಂದರಲ್ಲೂ ಹೇಳಿಕೊಳ್ಳುವಂಥ ಚಿನ್ನ ಬರಲಿಲ್ಲ. ಪಾಟ್ಲಿ ಹರಾಜಾದವು. ಚಿನ್ನ ಬಂದಿದ್ದರೂ ಪ್ರಯೋಜನ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ಸ್ವಂತ ಹೊಲವಾದರೂ ಚಿನ್ನ ತೆಗೆಯಲು ಸರ್ಕಾರದಿಂದ ಗಣಿ ಗುತ್ತಿಗೆ ಬೇಕು.

ಇನ್ನು ನಿಮ್ಮ ಪ್ರಶ್ನೆ. ಆ ಗಣಿಗಳು ಕಳೆದೇ ಹೋಗಿಲ್ಲ. 1874ರಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳದ ಗುಡ್ಡಗಳ, ಅಂದರೆ ಇದೇ ಕಪ್ಪತಗುಡ್ಡದ ಸಾಲಿನ, ಚಿನ್ನದ ಬಗ್ಗೆ ಬರೆದಿದ್ದಾರೆ. 1900ರ ನಂತರ ಕಂಪನಿಗಳು ಹೊಸೂರು, ಕಬಲಾಯತಕಟ್ಟಿ ಕಡೆ ಅಗೆದವು. ಲಾಭ ಹುಟ್ಟದೆ ನಿಂತವು. ಬಂಗಾರ ಬಿಟ್ಟು ಹೋಗಲು ಅವರೇನು ದಡ್ಡರಾ? ಡಿಟೆಕ್ಟರ್ ಕೂಡ ಬೇಡ, ಕಲ್ಲಿನೊಳಗಿನ ಹಿಟ್ಟಿನಂಥ ಚಿನ್ನ ಅದಕ್ಕೆ ಸಿಗುವುದಿಲ್ಲ. 2019ರಿಂದ ಕಪ್ಪತಗುಡ್ಡದ 244 ಚದರ ಕಿಲೋಮೀಟರ್ ವನ್ಯಜೀವಿಧಾಮ. ಅಲ್ಲಿ ಗುದ್ದಲಿ ಹಾಕಿದರೆ ಕೇಸು. ಹಾಕಲೂಬಾರದು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡು ಅಂತ ನಮ್ಮಲ್ಲಿ ಸುಮ್ನೆ ಹೇಳುವುದಿಲ್ಲ. ಅಲ್ಲಿನ ಔಷಧಿ ಗಿಡಗಳನ್ನು ಯಾವ ಗಣಿಯೂ ವಾಪಸ್ ಕೊಡಲಾರದು.

ನಿಜವಾಗಿ ಕಳೆದುಹೋಗುತ್ತಿರುವುದು ಜಾಲಗಾರರ ವಿದ್ಯೆ. ಮಳೆ ಬಿದ್ದ ಮೇಲೆ ದೋಣಿ ಹಳ್ಳದ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದವರು ಅವರು. ಆ ಅಜ್ಜ ಒಮ್ಮೆ ನನಗೆ ಮಾಡಿ ತೋರಿಸಿದ್ದರು. ಎರಡು ತಾಸು ಮರಿಗೆಯನ್ನು, ಅಂದರೆ ಮರಳು ಜಾಲಿಸುವ ಮರದ ಪಾತ್ರೆಯನ್ನು, ಆಡಿಸಿದ ಮೇಲೆ ಅದರ ತುದಿಯಲ್ಲಿ ಕಪ್ಪು ಮರಳಿನ ಒಂದು ಗೆರೆ ಉಳಿಯಿತು. ಅದರ ಮೇಲೆ ಸಾಸಿವೆಗಿಂತ ಸಣ್ಣ ಮೂರು ಹಳದಿ ಚುಕ್ಕೆ. ಒದ್ದೆ ಬೆರಳಿಂದ ಒಂದನ್ನು ಎತ್ತಿ ನನ್ನ ಅಂಗೈ ಮೇಲಿಟ್ಟರು.

ನಿಮ್ಮ ಮುತ್ತಜ್ಜನ ಊರಲ್ಲಿ ಅಂಥ ಹಿರಿಯರು ಯಾರಾದರೂ ಇದ್ದರೆ, ಈ ರಜೆಯಲ್ಲೇ ಹೋಗಿ. ಮರಿಗೆ ಯಾವ ಮರದ್ದು, ಹಳ್ಳದ ಯಾವ ತಿರುವಿನ ಮರಳು ತೆಗೆಯುತ್ತಿದ್ದರು, ಮಳೆ ನಿಂತು ಎಷ್ಟು ದಿನಕ್ಕೆ ಇಳಿಯುತ್ತಿದ್ದರು, ಎಲ್ಲ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ನಾನು ಆಗ ಹೊಲದ ಕಲ್ಲಿನ ಬಗ್ಗೆ ಮಾತ್ರ ಕೇಳಿದೆ. ಆ ಅಜ್ಜ 2016ರಲ್ಲಿ ತೀರಿಕೊಂಡರು.