ರಿಗ್ರೆಷನ್‌ನ ಟಿ ಮೌಲ್ಯದಿಂದ ಪಿ ಮೌಲ್ಯ ತೆಗೆಯಲು ಎಕ್ಸೆಲ್ ಸಾಕೇ, ಆರ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶ ಕಲಿಯಲೇಬೇಕೇ?

ಶಿರಸಿಯ ನಮ್ಮ ಮನೆಯ ಮಾಳಿಗೆಯಲ್ಲಿ ಕುಳಿತು ಪ್ರಬಂಧ ಬರೆಯುತ್ತಿದ್ದಾಗ ನಾನೂ ಇದೇ ಪ್ರಶ್ನೆ ಹಿಡಿದುಕೊಂಡಿದ್ದೆ. 20 ಅಡಿಕೆ ತೋಟಗಳಲ್ಲಿ ಎಕರೆಗೆ ಎಷ್ಟು ಕ್ವಿಂಟಲ್ ಚಾಲಿ (ಒಣಗಿಸಿ ಸುಲಿದ ಅಡಿಕೆ) ಬಂತೆಂಬುದರ ಮೇಲೆ ಎರಡು ಸಂಗತಿಗಳ ಪ್ರಭಾವ ಎಷ್ಟೆಂದು ರಿಗ್ರೆಷನ್ ಮಾಡಿ ಅಳೆದಿದ್ದೆ: ತೋಟಕ್ಕಿರುವ ಸೊಪ್ಪಿನ ಬೆಟ್ಟದ (ಗೊಬ್ಬರಕ್ಕೆ ಸೊಪ್ಪು ತರುವ ಕಾಡುಜಾಗ) ವಿಸ್ತೀರ್ಣ, ಮತ್ತು ಮರ ಹತ್ತುವ ಕೊನೆಗೌಡರು ಸಿಗದೆ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ಎಷ್ಟು ದಿನ ತಡವಾಯಿತು ಎಂಬುದು.

ಎಕ್ಸೆಲ್‌ನ ಲೈನೆಸ್ಟ್ ಫಂಕ್ಷನ್ ಸಹಗುಣಕವನ್ನೂ (ಆ ಸಂಗತಿಯ ಪ್ರಭಾವದ ಅಳತೆ) ಸ್ಟ್ಯಾಂಡರ್ಡ್ ಎರರನ್ನೂ (ಆ ಅಳತೆಯ ಅನಿಶ್ಚಿತತೆ) ಕೊಡುತ್ತದೆಯೇ ಹೊರತು ಪಿ ಮೌಲ್ಯವನ್ನಲ್ಲ. ಪಿ ಮೌಲ್ಯವೆಂದರೆ ನಿಜವಾಗಿ ಪ್ರಭಾವವೇ ಇಲ್ಲದಿದ್ದರೂ ಇಷ್ಟು ದೊಡ್ಡ ಟಿ ಆಕಸ್ಮಿಕವಾಗಿ ಬರುವ ಸಂಭವನೀಯತೆ; ಅದು ಚಿಕ್ಕದಾದಷ್ಟೂ ಪ್ರಭಾವಕ್ಕೆ ಪುರಾವೆ ಬಲವಾದದ್ದು. (ಸಹಗುಣಕಗಳನ್ನು ಅದು ಕಾಲಮ್‌ಗಳ ತಿರುವುಮುರುವು ಕ್ರಮದಲ್ಲಿ ಕೊಡುತ್ತದೆ, ನೋಡಿಕೊಳ್ಳಿ.) ಸಹಗುಣಕವನ್ನು ಸ್ಟ್ಯಾಂಡರ್ಡ್ ಎರರಿನಿಂದ ಭಾಗಿಸಿದಾಗ ಬೆಟ್ಟಕ್ಕೆ ಟಿ 1.90, ವಿಳಂಬಕ್ಕೆ −2.60 ಬಂತು. 20ರಲ್ಲಿ ಎರಡು ಸಹಗುಣಕ, ಒಂದು ಸ್ಥಿರಾಂಕ ಕಳೆದು ಡಿಗ್ರೀಸ್ ಆಫ್ ಫ್ರೀಡಂ (ಲೆಕ್ಕಕ್ಕೆ ಉಳಿಯುವ ಸ್ವತಂತ್ರ ಮಾಹಿತಿಯ ಸಂಖ್ಯೆ) 17.

ತಪ್ಪಾದದ್ದು ಮುಂದಿನ ಸೆಲ್‌ನಲ್ಲಿ. ಟಿ.ಡಿಸ್ಟ್ ಫಂಕ್ಷನ್, ಕೊನೆಯಲ್ಲಿ ಟ್ರೂ ಎಂದು ಕೊಟ್ಟಾಗ, ಟಿ ವಿತರಣೆಯ ವಕ್ರರೇಖೆಯಲ್ಲಿ ಆ ಮೌಲ್ಯದ ಎಡಕ್ಕಿರುವ ಇಡೀ ಸಂಭವನೀಯತೆಯನ್ನು ಹೇಳುತ್ತದೆ. ಅದನ್ನು 1ರಿಂದ ಕಳೆದು ನಾನು ಪಿ ಮೌಲ್ಯವೆಂದು ಬರೆದುಕೊಂಡೆ, ಅಂದರೆ ಬಲತುದಿಯೊಂದನ್ನೇ ಎಣಿಸಿದೆ. ಸಹಗುಣಕ ಸೊನ್ನೆಯೋ ಅಲ್ಲವೋ ಎಂದು ಕೇಳುವಾಗ ಅದು ಸೊನ್ನೆಗಿಂತ ಮೇಲೂ ಇರಬಹುದು, ಕೆಳಗೂ ಇರಬಹುದು. ಆದ್ದರಿಂದ ಎರಡೂ ತುದಿಗಳನ್ನು ಕೂಡಿಸಬೇಕು. ಬೆಟ್ಟಕ್ಕೆ ನನಗೆ ಬಂದದ್ದು 0.037, ನಿಜವಾಗಿ ಇರಬೇಕಾದದ್ದು 0.07ಕ್ಕಿಂತ ತುಸು ಹೆಚ್ಚು. ಇದು ಸಣ್ಣ ಪೆಟ್ಟು. ವಿಳಂಬದ ಟಿ ಋಣವಾಗಿದ್ದರಿಂದ ಅದರ ಬಲಕ್ಕೆ ಹೆಚ್ಚುಕಡಿಮೆ ಇಡೀ ವಕ್ರರೇಖೆಯೇ ಉಳಿದು 0.99 ಬಂತು, ಎರಡೂ ತುದಿ ಕೂಡಿಸಿದ್ದರೆ ಅದು 0.02ಕ್ಕಿಂತ ಕಡಿಮೆಯಾಗುತ್ತಿತ್ತು. ಪ್ರಭಾವವಿಲ್ಲದ್ದನ್ನು ಇಟ್ಟುಕೊಳ್ಳುವುದೇಕೆಂದು ವಿಳಂಬವನ್ನು ಮಾದರಿಯಿಂದಲೇ ತೆಗೆದುಹಾಕಿದೆ.

ಮೌಖಿಕ ಪರೀಕ್ಷೆಗೆ ಬಂದಿದ್ದ ಹಿರಿಯರು ಕೋಷ್ಟಕ ನೋಡುವ ಮೊದಲೇ ಕೇಳಿದರು: “ಮಳೆಗಾಲದಲ್ಲಿ ಮದ್ದು ಹೊಡೆಯುವುದು ತಡವಾದರೂ ಕೊಳೆ ಬರುವುದಿಲ್ಲವೇನಪ್ಪಾ?” ತೋಟದ ಮನೆಯಲ್ಲಿ ಹುಟ್ಟಿದ ನನಗೆ ಉತ್ತರ ಗೊತ್ತಿತ್ತು. ಆದರೂ 0.99 ಕಂಡಾಗ ಸಂಖ್ಯೆಯನ್ನು ನಂಬಿ ತೋಟವನ್ನು ಮರೆತಿದ್ದೆ. ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆದು ಮತ್ತೆ ಸಲ್ಲಿಸುವಷ್ಟರಲ್ಲಿ ಆರು ತಿಂಗಳು ಹೋದವು.

ಆದ್ದರಿಂದ ಎಕ್ಸೆಲ್ಲೋ ಆರೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆರ್‌ನ ಪಿಟಿ ಫಂಕ್ಷನ್ ಕೂಡ, ಬೇರೆ ಹೇಳದಿದ್ದರೆ, ಎಡಭಾಗವನ್ನೇ ಕೊಡುತ್ತದೆ. ಅಲ್ಲಿಯೂ ಇದೇ ತಪ್ಪು ಆಗುತ್ತದೆ. ಟಿ ಮೌಲ್ಯದ ಚಿಹ್ನೆ ತೆಗೆದು, ಬಲತುದಿ ಕಂಡುಹಿಡಿದು, ದುಪ್ಪಟ್ಟು ಮಾಡಿ. ಎಕ್ಸೆಲ್‌ನಲ್ಲಿ ಟಿ.ಡಿಸ್ಟ್.2ಟಿ ದುಪ್ಪಟ್ಟನ್ನು ತಾನೇ ಮಾಡುತ್ತದೆ, ಆದರೆ ಋಣ ಸಂಖ್ಯೆ ಕೊಟ್ಟರೆ ದೋಷ ತೋರಿಸುತ್ತದೆ. ಇಡೀ ಮಾದರಿಯನ್ನು ಒಟ್ಟಿಗೆ ಪರೀಕ್ಷಿಸುವ ಎಫ್ ಮೌಲ್ಯಕ್ಕೆ ಬಲತುದಿ ಮಾತ್ರ, ದುಪ್ಪಟ್ಟು ಬೇಡ. ಫಲಿತಾಂಶ ನೋಡಿದ ಮೇಲೆ ಒಂದೇ ತುದಿಯ ಪರೀಕ್ಷೆಯನ್ನು ಆರಿಸಿಕೊಳ್ಳುವುದು ಅಪ್ರಾಮಾಣಿಕತೆ ಎಂದೇ ನನ್ನ ಅಭಿಪ್ರಾಯ.

ನಿಮ್ಮ ಅಂಕಿಗಳನ್ನು ಹಾಕುವ ಮೊದಲು ಅದೇ ಸೂತ್ರಕ್ಕೆ 2.110 ಮತ್ತು 17 ಕೊಟ್ಟು ನೋಡಿ. 0.05 ಬಂದರೆ ಮುಂದುವರಿಯಿರಿ, 0.025 ಬಂದರೆ ಒಂದೇ ತುದಿ ಹಿಡಿದಿದ್ದೀರಿ, 0.975 ಬಂದರೆ ಎಡಭಾಗ. ನಂತರ −2.110 ಕೊಟ್ಟು ನೋಡಿ, ಆಗಲೂ 0.05 ಬರಬೇಕು. ಈ ಎರಡನೆಯ ಪರೀಕ್ಷೆಯನ್ನು ನಾನು ಮಾಡಿರಲಿಲ್ಲ.